ಪುಸ್ತಕದಲ್ಲಿಲ್ಲದ ಗಂಡಸು

ನಂಜನಗೂಡಿನ ಗೊಬ್ಬರದ ಅಂಗಡಿ ರುದ್ರೇಶನ ಹೆಂಡತಿ ಪವಿತ್ರ ಪ್ರೇಮಕತೆ ಬರೆಯುತ್ತಾಳೆ ಎಂದರೆ ಅವರ ಬೀದಿಯಲ್ಲಿ ಯಾರೂ ನಂಬುತ್ತಿರಲಿಲ್ಲ. ನಂಬುವ ಹಾಗೂ ಇರಲಿಲ್ಲ ಬಿಡಿ. ಬೆಳಗಾಗೆದ್ದು ಬಾಗಿಲಿಗೆ ನೀರು ಹಾಕಿ, ಅತ್ತೆಯ ಪೂಜೆಗೆ ಹೂವು ಬಿಡಿಸಿಟ್ಟು, ಗಂಡನನ್ನು ಅಂಗಡಿಗೆ ಕಳಿಸಿ, ಆಮೇಲೆ ಮುದ್ದೆಗೆ ಎಸರಿಡುವ ಹೆಂಗಸು. ತಲೆ ಎತ್ತಿ ನಡೆದದ್ದನ್ನು ಕಂಡವರಿಲ್ಲ. ಅಂಥವಳು ಮಧ್ಯಾಹ್ನ ಅತ್ತೆ ಚನ್ನಾಜಮ್ಮ ಅಡ್ಡಾದ ಮೇಲೆ ಅಡುಗೆಮನೆಯ ಗೋಡೆಗೊರಗಿ ಕೂತು, ಮೊಬೈಲಿನಲ್ಲಿ ಕತೆಗಳ ಆ್ಯಪ್ ತೆರೆದು, ವಾರವಾರವೂ ಒಂದು ಧಾರಾವಾಹಿಯ ಕಂತು ಹಾಕುತ್ತಿದ್ದಳು. ಅಲ್ಲಿ ಅವಳ ಹೆಸರು ‘ಹೆಮ್ಮಿಗೆ ಪವಿ’. ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆ ಅವಳ ತವರು. ಹೆಂಡತಿ ಏನೋ ಬರೆಯುತ್ತಾಳೆ ಎಂದು ರುದ್ರೇಶನಿಗೆ ಗೊತ್ತಿತ್ತು. ಏನು ಎಂದು ಅವನು ಒಂದು ದಿನವೂ ಕೇಳಿದವನಲ್ಲ.

ಬರೆಯುವುದೇನೋ ಸರಿ, ಪ್ರೇಮಕತೆ ಎಂದ ಮೇಲೆ ಗಂಡಸನ್ನು ವರ್ಣಿಸಬೇಕಲ್ಲ! ಗಂಡಸರನ್ನು ಕಣ್ಣಿಟ್ಟು ನೋಡುವುದನ್ನು ಈ ಹೆಣ್ಣುಮಗಳಿಗೆ ಯಾರು ಕಲಿಸಿದ್ದರು? ಹೆಮ್ಮಿಗೆಯಲ್ಲಿ ನೋಡಿದರೆ ಅವ್ವ ಬೈಯುತ್ತಿದ್ದಳು, ನಂಜನಗೂಡಿನಲ್ಲಿ ನೋಡಿದರೆ ಬೀದಿಗೆ ಬೀದಿಯೇ ಬೈಯುತ್ತಿತ್ತು. ಹಾಗಾಗಿ ಮೊದಲ ಕಂತಿನಲ್ಲಿ ಅವಳ ನಾಯಕ ‘ಚೆನ್ನಾಗಿದ್ದ’, ಎರಡನೆಯದರಲ್ಲಿ ‘ತುಂಬಾ ಚೆನ್ನಾಗಿದ್ದ’. ‘ಮೇಡಂ, ನಿಮ್ಮ ಹೀರೋಗೆ ಮುಖ ಅಂತ ಒಂದು ಇದೆಯಾ?’ ಎಂದು ಓದುಗಿಯೊಬ್ಬಳು ಕೆಳಗೆ ಬರೆದಳು. ಪವಿತ್ರಳಿಗೆ ಅನ್ನ ಇಳಿಯಲಿಲ್ಲ.

ಸೀರೆ ತರಲು ಮೈಸೂರಿಗೆ ಹೋದಾಗ ಫುಟ್‌ಪಾತಿನ ಹಳೇ ಪುಸ್ತಕದ ರಾಶಿಯಲ್ಲಿ ಅವಳಿಗೆ ಒಂದು ದಪ್ಪ ಪುಸ್ತಕ ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು. ಒಳಗೆಲ್ಲ ವರ್ಣನೆಗಳು. ಕಣ್ಣು ಬೇಕೆಂದರೆ ಕಣ್ಣು, ಹುಬ್ಬು, ನಡಿಗೆ, ದನಿ, ನಾಚಿಕೆ, ಸಂಜೆ, ಮಳೆ, ಎಲ್ಲಕ್ಕೂ ಬೇರೆ ಬೇರೆ ಪುಟ. ಅಲ್ಲಿಂದ ಮುಂದೆ ಪವಿತ್ರ ನಾಯಕನನ್ನು ಬೇಳೆಸಾರಿಗೆ ಸಾಮಾನು ಹೊಂದಿಸಿದ ಹಾಗೆ ಹೊಂದಿಸತೊಡಗಿದಳು. ಒಂದು ಪುಟದಿಂದ ಬೆಕ್ಕಿನ ಕಣ್ಣು ತಂದಳು, ಇನ್ನೊಂದರಿಂದ ಕೆನ್ನೆಯ ಗುಳಿ, ಮತ್ತೊಂದರಿಂದ ಬಾವಿಯ ತಳದಿಂದ ಬಂದಂಥ ದನಿ. ಒಮ್ಮೆ ಬಳಸಿದ್ದನ್ನು ಮತ್ತೆ ಬಳಸಬಾರದೆಂದು ಅದರ ಪಕ್ಕ ಅರಿಶಿನದ ಬೊಟ್ಟಿಡುತ್ತಿದ್ದಳು. ರಾತ್ರಿ ಅರಳುವ ಪಾರಿಜಾತವನ್ನು ನಡುಮಧ್ಯಾಹ್ನ ಅರಳಿಸಿ ಓದುಗರಿಂದ ಉಗಿಸಿಕೊಂಡ ಮೇಲೆ ಗಿಡಮರಗಳ ಪುಸ್ತಕವೂ ಮನೆಗೆ ಬಂತು. ಓದುವವರು ಸಾವಿರಗಟ್ಟಲೆಯಾದರು. ಮಧ್ಯಾಹ್ನದ ಆ ಒಂದು ಗಂಟೆ ಅವಳು ಯಾರ ಸೊಸೆಯೂ ಅಲ್ಲ, ಯಾರಿಗೂ ಕಾಫಿ ಕಾಯಿಸಬೇಕಿಲ್ಲ. ಅದೊಂದು ಹೋದರೆ ದಿನದಲ್ಲಿ ತನ್ನದು ಅನ್ನುವುದು ಅವಳಿಗೆ ಬೇರೇನೂ ಇರಲಿಲ್ಲ.

ಕೆಡುಕು ಪ್ರೀತಿಯಿಂದಲೇ ಬಂತು ನೋಡಿ. ತಿ. ನರಸೀಪುರಕ್ಕೆ ಕೊಟ್ಟಿದ್ದ ನಾದಿನಿ ಶ್ವೇತ ನಾಲ್ಕು ದಿನ ಇದ್ದು ಹೋಗಲು ಬಂದಳು. ಅವಳು ಮೊದಲಿಂದಲೂ ಹೆಮ್ಮಿಗೆ ಪವಿಯ ಓದುಗಿ. ಅಡುಗೆಮನೆಯಲ್ಲಿ ಕಂತು ಹಾಕುತ್ತಿದ್ದುದನ್ನು ಕಂಡು, ಆ ಪವಿ ತನ್ನ ಅತ್ತಿಗೆಯೇ ಎಂದು ಗೊತ್ತಾದದ್ದೇ ಕುಣಿದಾಡಿಬಿಟ್ಟಳು. ಕುಣಿದದ್ದು ಸಾಲದೆಂದು ಹಜಾರದಲ್ಲಿ ಅವ್ವನನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಚನ್ನಾಜಮ್ಮ ಎಲೆಅಡಿಕೆ ಮೆಲ್ಲುತ್ತ ಕೇಳುತ್ತಿದ್ದವಳು ಬೆಕ್ಕಿನ ಕಣ್ಣಿಗೆ ಬರುವಷ್ಟರಲ್ಲಿ ಮೆಲ್ಲುವುದನ್ನೇ ನಿಲ್ಲಿಸಿದಳು.

“ಇನ್ನೊಂದ್ ಸಲ ಓದು. ಬೆಕ್ಕಿನ ಕಣ್ಣು, ಕೆನ್ನೆ ಮ್ಯಾಲೆ ಗುಳಿ... ಅಯ್ಯೋ ಶಿವನೆ! ಇದು ಮಾಡಿ ಮ್ಯಾಲಿನ ಮದನ ಅಲ್ವೇನೆ?”

ಮದನ್ ಮಹಡಿಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನ ಹುಡುಗ. ಪಾಪ, ಅವನಿಗೆ ನಿಜಕ್ಕೂ ಬೆಕ್ಕಿನ ಕಣ್ಣು. ನೀರು ಬರದ ದಿನ ‘ಮೋಟರ್ ಹಾಕ್ತೀರಾ’ ಎಂದು ಕೇಳಿದ್ದು ಬಿಟ್ಟರೆ ಪವಿತ್ರಳ ಹತ್ತಿರ ಮಾತಾಡಿದವನೇ ಅಲ್ಲ. ಆದರೆ ಅಷ್ಟು ಸಾಕಾಗಿತ್ತು. ಅಂಗಡಿಯಿಂದ ಬಂದ ರುದ್ರೇಶ ಕೂಗಾಡಲಿಲ್ಲ, ಊಟ ಬಿಟ್ಟ. ಹೆಂಡತಿಯ ಮೊಬೈಲು ಕಿತ್ತು ಬೀರುವಿನಲ್ಲಿಟ್ಟ. ದೇವನೂರಿನ ದೊಡ್ಡಪ್ಪನಿಗೆ ಫೋನು ಮಾಡಿದ.

“ದೊಡ್ಡಪ್ಪ ಬಂದು ಕೇಳ್ಲಿ. ಸರಿಯಾಗಿ ಉತ್ತರ ಬರ್ಲಿಲ್ಲ ಅಂದ್ರೆ ಹೆಮ್ಮಿಗೇಲಿ ಬಿಟ್ಟು ಬತ್ತೀನಿ. ಆಮೇಲೆ ನಾನು ಕರ್ಕೊಬರಕ್ಕೆ ಬರಲ್ಲ,” ಎಂದ.

ದೊಡ್ಡಪ್ಪ ಚಿಕ್ಕಬಸಪ್ಪ ಭಾನುವಾರ ಬೆಳಿಗ್ಗೆಯ ಬಸ್ಸಿಗೇ ಬಂದಿಳಿದ. ಹಣೆ ತುಂಬ ವಿಭೂತಿ, ಮನೆತನದ ಜಗಳವೆಲ್ಲ ಅವನ ಮುಂದೆಯೇ ತೀರಬೇಕು.

“ಏನವ್ವ ಪವಿತ್ರ, ಇದೆಲ್ಲಾ ಏನು? ಮನೆ ಮರ್ವಾದೆ ಗತಿ ಏನಾಗ್ಬೇಕು?”

ಪವಿತ್ರ ಒಳಗೆ ಹೋಗಿ ರಟ್ಟು ಕಿತ್ತ ಪುಸ್ತಕ ತಂದು ಅವನ ಮುಂದಿಟ್ಟಳು. “ಎಲ್ಲಾ ಇದರಲ್ಲಿರೋದು ದೊಡ್ಡ ಮಾವ. ನೋಡಿ ಬರ್ದಿದ್ದೀನಿ. ನೀವೇ ಓದಿ.”

ಶುರುವಾಯಿತು. ಶ್ವೇತ ತನ್ನ ಮೊಬೈಲಿನಿಂದ ಒಂದು ಸಾಲು ಓದಬೇಕು, ಪವಿತ್ರ ಪುಸ್ತಕದಲ್ಲಿ ಅರಿಶಿನದ ಬೊಟ್ಟು ಹುಡುಕಿ ತೋರಿಸಬೇಕು, ಚಿಕ್ಕಬಸಪ್ಪ ಕನ್ನಡಕ ಏರಿಸಿ ಅದನ್ನು ಓದಬೇಕು. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಓದುವ ಮನುಷ್ಯ, ಅವನಿಗೆ ಬರುವುದು ಅದೊಂದೇ ರಾಗ. “ಜೇನಿನಲ್ಲದ್ದಿದಂಥಾ ಅಧರಂಗಳು” ಎಂದು ಅವನು ರಾಗ ಎಳೆದಾಗ ಶ್ವೇತ ಸೆರಗು ಬಾಯಿಗೆ ತುರುಕಿಕೊಂಡಳು. ಬೆಕ್ಕಿನ ಕಣ್ಣು ಸಿಕ್ಕಿತು, ಗುಳಿ ಸಿಕ್ಕಿತು, ದನಿಯೂ ಸಿಕ್ಕಿತು. ಚನ್ನಾಜಮ್ಮನ ಮುಖ ಸಡಿಲವಾಗುತ್ತ ಬಂತು.

ಪವಿತ್ರ ಮಾತ್ರ ‘ಇದು ನಂದಲ್ಲ, ಇದೂ ನಂದಲ್ಲ’ ಎಂದು ಬೆರಳಿಟ್ಟು ತೋರಿಸುತ್ತ ಕೂತಿದ್ದಾಳೆ. ಥೂ, ಎಂಥ ಗತಿ! ಬರೆಯುವವರೆಲ್ಲ ತಾವು ಕದ್ದಿಲ್ಲವೆಂದು ಸಾಧಿಸಲು ಹೆಣಗಿದರೆ ಇವಳು ಕದ್ದೆನೆಂದು ಸಾಧಿಸಬೇಕು. ತನಗೆ ಏನೂ ಅನ್ನಿಸಿಯೇ ಇಲ್ಲ, ಯಾವುದನ್ನೂ ತಾನು ನೋಡಿಯೇ ಇಲ್ಲ ಎಂದು ಒಪ್ಪಿಸಿದರೆ ಮಾತ್ರ ಒಳ್ಳೆ ಹೆಂಗಸು.

“ಇದೊಂದು ಉಳೀತು ಅತ್ತಿಗೆ. ನಂಗೆ ಎಲ್ಲಕ್ಕಿಂತ ಇಷ್ಟವಾದದ್ದು ಇದೇ,” ಎಂದು ಶ್ವೇತ ಓದಿದಳು.

‘ಬಿಸಿಲಿಗೆ ಮರಳು ಕಾದಿತ್ತು. ಅವಳ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಅವನು ತನ್ನ ಚಪ್ಪಲಿ ಬಿಟ್ಟು ಅವಳ ಮುಂದೆ ತಳ್ಳಿದ. ನಂಗೇನೂ ಸುಡಲ್ಲ, ನೀನು ಹಾಕ್ಕೊ ಎಂದ. ಎಂದವನು ಒಂದು ಕಾಲು ಎತ್ತಿ ಒಂದು ಕಾಲು ಊರಿ ಕುಪ್ಪಳಿಸುತ್ತ ನಡೆದ. ಅವಳು ನಕ್ಕಾಗ ಅವನ ಕಿವಿಯ ತುದಿ ಕೆಂಪಾಯಿತು.’

“ಇದು ಯಾವ ಪುಟ?” ಎಂದ ಚಿಕ್ಕಬಸಪ್ಪ.

ಯಾವ ಪುಟವೂ ಅಲ್ಲ. ಅದು ರುದ್ರೇಶ. ಮದುವೆಯಾದ ಹೊಸದರಲ್ಲಿ ನೆಂಟರೆಲ್ಲ ವ್ಯಾನು ಮಾಡಿಕೊಂಡು ತಲಕಾಡಿಗೆ ಹೋಗಿದ್ದಾಗ ಎಲ್ಲರಿಗಿಂತ ಹಿಂದೆ ಉಳಿದಿದ್ದ ಅವಳಿಗೆ ತನ್ನ ಚಪ್ಪಲಿ ಕೊಟ್ಟ ರುದ್ರೇಶ. ಇಡೀ ಧಾರಾವಾಹಿಯಲ್ಲಿ ಅವಳು ಕಣ್ಣಾರೆ ಕಂಡು ಬರೆದದ್ದು ಅದೊಂದೇ. ಪವಿತ್ರ ತಲೆ ಎತ್ತಿ ಗಂಡನನ್ನು ನೋಡಿದಳು. ಈಗ ನೆನಪಾಗುತ್ತದೆ, ಈಗ ನಗುತ್ತಾರೆ ಎಂದು ಕಾದಳು. ಇಷ್ಟು ಹೊತ್ತಿನ ಅವಮಾನವನ್ನೆಲ್ಲ ಆ ಒಂದು ನಗೆಗೆ ಮರೆತುಬಿಡಲು ಅವಳು ತಯಾರಿದ್ದಳು.

ರುದ್ರೇಶ ಎದ್ದು ನಿಂತ. “ಯಾವನೇ ಅವ್ನು?”

“ನೀವೇ ಕಣ್ರೀ. ತಲಕಾಡಲ್ಲಿ...”

“ನಾನಾ?”

ಅವನು ಹುಬ್ಬು ಗಂಟಿಕ್ಕಿ ಯೋಚಿಸಿದ. ಚನ್ನಾಜಮ್ಮ ಗೊಳ್ಳೆಂದು ನಕ್ಕಳು. “ನನ್ ಮಗ ನಿಂಗೆ ಚಪ್ಲಿ ಬುಟ್ಕೊಟ್ಟು ಬರಿಗಾಲಲ್ಲಿ ಕುಣುದ್ನಾ? ಸುಳ್ಳೇಳಕ್ಕೂ ಒಂದು ಮಿತಿ ಬ್ಯಾಡ್ವೇನವ್ವ?”

“ತಲಕಾಡಿಗೆ ಹೋಗಿದ್ದು ಗ್ಯಾಪ್ಕ ಇದೆ. ಚಪ್ಲಿಗಿಪ್ಲಿ ಯಾವ್ದೂ ಇಲ್ಲ,” ಎಂದ ರುದ್ರೇಶ.

ದೊಡ್ಡಪ್ಪನ ಎದುರು ನಾಚಿಕೊಂಡು ಹೀಗೆ ಹೇಳುತ್ತಿದ್ದಾನೇನೋ ಎಂದು ಪವಿತ್ರ ಅವನ ಕಿವಿಯ ತುದಿ ನೋಡಿದಳು. ಕೆಂಪಾಗಿರಲಿಲ್ಲ. ನಿಜವಾಗಿಯೂ ಮರೆತಿದ್ದ. ಇಷ್ಟು ವರ್ಷ ಅವಳು ಜೋಪಾನವಾಗಿ ಇಟ್ಟುಕೊಂಡಿದ್ದ ಗಂಡಸು ಅವನ ಒಳಗೆ ಎಲ್ಲೂ ಇರಲಿಲ್ಲ.

“ಬಟ್ಟೆ ತುಂಬ್ಕೊ. ಹೊರಡು,” ಎಂದ.

ಪವಿತ್ರ ಪುಸ್ತಕ ಮುಚ್ಚಿ, “ಅದೂ ಪುಸ್ತಕದ್ದೇ. ಇನ್ನೊಂದು ಪುಸ್ತಕ. ಲೈಬ್ರರಿಗೆ ವಾಪಸ್ ಕೊಟ್ಬಿಟ್ಟೆ,” ಎಂದಳು.

ಹಜಾರಕ್ಕೆ ಹಜಾರವೇ ಉಸಿರು ಬಿಟ್ಟಿತು. “ಅದ್ನ ಮೊದ್ಲೇ ಏಳ್ಬಾರ್ದಾ ಮಗ?” ಎಂದ ಚಿಕ್ಕಬಸಪ್ಪ. ರುದ್ರೇಶ ಕೂತು ನಗಾಡಿದ. “ನಾನೂ ಅದೇ ಅಂದ್ಕೊಂಡೆ ದೊಡ್ಡಪ್ಪ. ಅಂಥ ಗಂಡಸು ಎಲ್ಲಾದ್ರೂ ಇರ್ತಾನಾ?” ಬೀರು ತೆರೆದು ಮೊಬೈಲು ಕೊಟ್ಟ. “ಬರ್ಕೊ, ಯಾರ್ ಬೇಡ ಅಂತಾರೆ? ಪುಸ್ತಕ ನೋಡ್ಕೊಂಡೇ ಬರಿ. ನಿನ್ ತಲೆಯಿಂದ ಏನೂ ಹಾಕ್ಬೇಡ.”

ಎಲ್ಲರೂ ಮುದ್ದೆ ಉಂಡರು. ಅವಳೇ ಬಡಿಸಿದಳು.

ಆ ಮಧ್ಯಾಹ್ನ ಪವಿತ್ರ ಗೋಡೆಗೊರಗಿ ಕೂತು ಮರಳಿನ ಭಾಗವನ್ನು ಪೂರ್ತಿ ಅಳಿಸಿದಳು. ಅದರ ಜಾಗಕ್ಕೆ ಪುಸ್ತಕದಿಂದ ಬೆಳದಿಂಗಳು ತಂದು ಹಾಕಿದಳು. ಸ್ವಲ್ಪ ಹೊತ್ತಿಗೆ ಶ್ವೇತ ಮೊಬೈಲು ಹಿಡಿದುಕೊಂಡು ಒಳಗೆ ಬಂದಳು.

“ಯಾಕೆ ತೆಗೆದ್ರಿ ಅತ್ತಿಗೆ? ಅದೇ ಅಲ್ವಾ ಚೆನ್ನಾಗಿದ್ದದ್ದು?”

“ಅಂಥ ಗಂಡಸು ಎಲ್ಲೂ ಇರಲ್ವಂತೆ ಶ್ವೇತ,” ಎಂದಳು ಪವಿತ್ರ. “ನಿಮ್ಮಣ್ಣನೇ ಹೇಳಿದ್ರಲ್ಲ.”