ಹನ್ನೊಂದು ದಿನದ ದೀಪ

ಯಲ್ದೂರಿನ ಅಂಗನವಾಡಿ ಟೀಚರ್ ಶ್ಯಾಮಲಮ್ಮ ಗಂಡನ ಮೇಲೆ ಹಾಕಿದ ಕೇಸನ್ನು ತಾನೇ ನಿಂತು ವಾದಿಸಿದಳು ಎಂದರೆ ಕೇಳಿದವರು ಹುಬ್ಬೇರಿಸುತ್ತಾರೆ. ಎಂಥ ಧೈರ್ಯ ನೋಡಿ ಎನ್ನುತ್ತಾರೆ. ಧೈರ್ಯವೂ ಇಲ್ಲ, ಮಣ್ಣೂ ಇಲ್ಲ. ವಕೀಲರು ಸಿಗಲಿಲ್ಲ, ಅಷ್ಟೇ.

ಕೋಲಾರದಲ್ಲಿ ವಕೀಲರಿಗೇನು ಬರವೇ ಎಂದು ಕೇಳಬಹುದು. ಬರವಿರಲಿಲ್ಲ. ಆದರೆ ಅವಳ ಗಂಡ ಕೋದಂಡರಾಮಪ್ಪ ಅಲ್ಲಿಯೇ ಹದಿನೈದು ವರ್ಷದಿಂದ ವಕೀಲರ ಗುಮಾಸ್ತ. ಯಾರ ಫೈಲು ಯಾವ ಕಟ್ಟಿನಲ್ಲಿದೆ, ಯಾರ ವಾಯಿದೆ ಯಾವತ್ತು, ಯಾವ ಸಾಹೇಬರ ಟೀಗೆ ಸಕ್ಕರೆ ಎಷ್ಟು, ಎಲ್ಲ ಅವನ ನಾಲಿಗೆ ತುದಿಯಲ್ಲಿ. ನಗುನಗುತ್ತಾ ಮಾತಾಡುವ ಮನುಷ್ಯ. ಹೊರಗೆ ಬೆಣ್ಣೆ, ಮನೆಯೊಳಗೆ ಮಾತ್ರ ಬೇರೆ.

ಶ್ಯಾಮಲಮ್ಮ ಮೂವರ ಆಫೀಸಿನ ಮೆಟ್ಟಿಲು ಹತ್ತಿದಳು. ಒಬ್ಬರು ಕನ್ನಡಕ ತೆಗೆದು ಒರೆಸುತ್ತಾ, “ಕೋದಂಡ ನಮ್ಮ ಹುಡುಗ ಕಣಮ್ಮಾ. ನಾಳೆ ಬೆಳಿಗ್ಗೆ ಅವನ ಮುಖ ಹೆಂಗೆ ನೋಡ್ಲಿ?” ಎಂದರು. ಇನ್ನೊಬ್ಬರು ರಾಜಿಯಾಗಿ ಎಂದರು. ಮೂರನೆಯವರು ಕಾಫಿ ತರಿಸಿಕೊಟ್ಟು ಕಳಿಸಿದರು. ಮುಳಬಾಗಿಲಿನ ಒಬ್ಬ ವಕೀಲರು ವಕಾಲತ್ತು ಹಾಕಿದರೇನೋ ನಿಜ. ಎರಡನೇ ವಾಯಿದೆಗೇ ಫೈಲು ವಾಪಸ್ ಕೊಟ್ಟು ಕೈತೊಳೆದುಕೊಂಡರು. ಆಗ ಕೋಲಾರದಲ್ಲಿ ಸಂಸಾರದ ಕೇಸಿಗೆಂದು ಬೇರೆ ಕೋರ್ಟಿರಲಿಲ್ಲ. ಜಮೀನಿನ ತಗಾದೆಗಳ ನಡುವೆಯೇ ಗಂಡ ಹೆಂಡಿರ ತಗಾದೆಯನ್ನೂ ಕೂಗುತ್ತಿದ್ದರು. ಜಡ್ಜ್ ಸಾಹೇಬರು ಒಳ್ಳೆಯವರು. ಸರ್ಕಾರದಿಂದ ಪುಕ್ಕಟೆ ವಕೀಲರನ್ನು ಕೊಡಿಸುತ್ತೇನಮ್ಮಾ ಎಂದರು. ಅವರು ತೋರಿಸಿದವರನ್ನು ಅವಳು ಅದೇ ಬೆಳಿಗ್ಗೆ ಕ್ಯಾಂಟೀನಿನಲ್ಲಿ ಕೋದಂಡನ ಜೊತೆ ಇಡ್ಲಿ ತಿನ್ನುವಾಗ ನೋಡಿದ್ದಳು. “ಬೇಡ ಸ್ವಾಮಿ, ನಾನೇ ಹೇಳ್ಕೋತೀನಿ,” ಎಂದಳು.

ಅವಳಿಗೆ ಬೇಕಾಗಿದ್ದದ್ದು ಒಂದೇ: ನೀನು ಇವನ ಹೆಂಡತಿಯಲ್ಲ ಎಂದು ಬರೆದ ಕಾಗದ. ಜೀವನಾಂಶವೂ ಬೇಡ, ಪಾತ್ರೆ ಪಗಡವೂ ಬೇಡ. ಯಲ್ದೂರಿನಲ್ಲಿ ಅವಳದು ಒಂದು ಕೋಣೆಯ ಬಾಡಿಗೆ ಮನೆ. ಭಾನುವಾರ ಬಂತೆಂದರೆ ಕೋದಂಡರಾಮಪ್ಪ ಬಸ್ಸಿಳಿದು ಬಂದು ಬಾಗಿಲು ತಟ್ಟುತ್ತಿದ್ದ. ತೆಗೆದರೆ ಒಳಗೆ ಬಂದು ಕೂರುತ್ತಿದ್ದ, ಅಡುಗೆ ಮಾಡು ಎನ್ನುತ್ತಿದ್ದ, ಉಪ್ಪು ಹೆಚ್ಚಾದರೆ ಕೈ ಎತ್ತುತ್ತಿದ್ದ. ತೆಗೆಯದಿದ್ದರೆ ಜಗಲಿಯ ಮೇಲೆ ಕೂತು ಬೀದಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದ. ಮನೆಯೊಡತಿ, “ಗಂಡ ಅಲ್ವೇನಮ್ಮಾ, ತೆಗಿಯಮ್ಮಾ,” ಎನ್ನುತ್ತಿದ್ದಳು. ಪೊಲೀಸರೂ ಅದನ್ನೇ ಅಂದರು. ಆ ‘ಗಂಡ’ ಎಂಬ ಎರಡಕ್ಷರ ಹೋಗದ ಹೊರತು ಅವಳ ಬಾಗಿಲಿಗೆ ಚಿಲಕವಿದ್ದೂ ಇಲ್ಲದ ಹಾಗೆ.

ಅವನು ಮೊದಲಿಂದ ಹೀಗೆ ಮನೆಗೆ ಬರುತ್ತಿರಲಿಲ್ಲ. ಅವನಮ್ಮ ಆಂಜಿನಮ್ಮ ಬದುಕಿರುವ ತನಕ ಬಿಟ್ಟಿರಲಿಲ್ಲ. ತೊಂಬತ್ತೆಂಟರ ಬೇಸಿಗೆಯ ಒಂದು ಮಧ್ಯಾಹ್ನ ಅವನು ಬಾಗಿಲಿನ ಅಗುಳಿಯಿಂದ ಹೊಡೆದು ಶ್ಯಾಮಲಮ್ಮನ ಎಡಗೈ ಮಣಿಕಟ್ಟು ಮುರಿದಾಗ ಹಿತ್ತಿಲ ಬಾಗಿಲು ತೆಗೆದವಳು ಆ ಅತ್ತೆಯೇ. ತನ್ನ ಸೆರಗಿನ ಅಂಚು ಹರಿದು ಕೈ ಕಟ್ಟಿ, ಶ್ರೀನಿವಾಸಪುರದ ಬಸ್ಸಿಗೆ ಹತ್ತಿಸಿ, “ಪೋಮ್ಮಾ ತಲ್ಲೀ, ಹೋಗು. ತಿರುಗಿ ನೋಡ್ಬೇಡ. ಅವನು ನಿನ್ ಹಿಂದೆ ಬರ್ದಂಗೆ ನಾನ್ ನೋಡ್ಕೋತೀನಿ,” ಎಂದಳು. ಹೆತ್ತವಳಿಲ್ಲದ ಶ್ಯಾಮಲಮ್ಮನಿಗೆ ಬದುಕಿನಲ್ಲಿ ಯಾರಾದರೂ ತಾಯಿಯಂತೆ ಮಾತಾಡಿದ್ದರೆ ಅದು ಅವತ್ತು, ಆ ಬಸ್ಸಿನ ಕಿಟಕಿಯಲ್ಲಿ.

ಎರಡು ಸಾವಿರದ ಇಸವಿಯಲ್ಲಿ ಯಲ್ದೂರಿನ ಎಸ್‌ಟಿಡಿ ಬೂತಿಗೆ ಫೋನು ಬಂತು. ಆಂಜಿನಮ್ಮ ಹೋಗಿಬಿಟ್ಟಿದ್ದಳು. ಆ ಮನೆತನದಲ್ಲಿ ಒಂದು ಪದ್ಧತಿ. ಪ್ರಾಣ ಹೋದ ಜಾಗದಲ್ಲಿ ಸೊಸೆ ದೀಪ ಹಚ್ಚಿಡಬೇಕು. ಹನ್ನೊಂದು ದಿನ ಅದು ಆರಬಾರದು. ಹಚ್ಚಿದವಳು ಅಲ್ಲಿಯ ತನಕ ಹೊಸ್ತಿಲು ದಾಟಬಾರದು, ಯಾರ ಮೇಲೂ ಮನಸ್ಸಿನಲ್ಲಿ ಸಿಟ್ಟು ಇಟ್ಟುಕೊಳ್ಳಬಾರದು. ಸಿಟ್ಟಿದ್ದರೆ ಹೋದವರಿಗೆ ದಾರಿ ಕಾಣುವುದಿಲ್ಲವಂತೆ. ಇದನ್ನು ಶ್ಯಾಮಲಮ್ಮನಿಗೆ ಹೇಳಿಕೊಟ್ಟವಳೂ ಅತ್ತೆಯೇ, ಮಾವ ಸತ್ತಾಗ. ಆ ಮನೆಗೆ ಇದ್ದವಳು ಒಬ್ಬಳೇ ಸೊಸೆ. ಅವಳು ಹೋದಳು. ದೀಪದ ಪಕ್ಕದಲ್ಲೇ ಚಾಪೆ ಹಾಕಿಕೊಂಡು ಮಲಗಿದಳು, ಬಂದವರಿಗೆ ಬೇಯಿಸಿ ಹಾಕಿದಳು, ಸಾಲಿನಲ್ಲಿ ಕೂತ ಗಂಡನಿಗೂ ಬಡಿಸಿದಳು. ಹನ್ನೆರಡನೇ ದಿನ ಬೆಳಿಗ್ಗೆ ಚೀಲ ತೆಗೆದುಕೊಂಡು ಬಸ್ ಹತ್ತಿದಳು. ಅದಾಗಿ ತಿಂಗಳೊಳಗೇ ಭಾನುವಾರಗಳು ಶುರುವಾದವು, ಮುಂದಿನ ವರ್ಷ ಅವಳು ಕೋರ್ಟಿಗೆ ಹೋದಳು.

ಕೇಸಿಗೆ ಅವಳು ಓದಿದ ಹಾಗೆ ಎಸ್ಸೆಸ್ಸೆಲ್ಸಿಗೂ ಓದಿರಲಿಲ್ಲ. ಕಾನೂನಿನ ಕನ್ನಡ ಪುಸ್ತಕ ಕೊಂಡು, ಮಕ್ಕಳು ಮಲಗುವ ಹೊತ್ತಿನಲ್ಲಿ ಅಂಗನವಾಡಿಯ ಗೋಡೆಗೊರಗಿ ಕಲಂಗಳಿಗೆ ಗೆರೆ ಹಾಕಿದಳು. ಮಣಿಕಟ್ಟಿನ ಎಕ್ಸ್‌ರೇ ಇತ್ತು, ಆಸ್ಪತ್ರೆಯ ಚೀಟಿ ಇತ್ತು. ಅಷ್ಟೇ ಸಾಕಾಗುತ್ತಿತ್ತೋ ಏನೋ. ಸುಮ್ಮನಿದ್ದಿದ್ದರೆ.

ಆದರೆ ಗಂಡನ ಕಡೆಯ ತಕರಾರು ಅರ್ಜಿಯ ನಕಲು ಅವಳ ಕೈಗೆ ಬಂತು. ಹೊಡೆದದ್ದು ಸುಳ್ಳು, ಬೈದದ್ದು ಸುಳ್ಳು ಎಂದಿದ್ದನ್ನೆಲ್ಲ ಅವಳು ತಣ್ಣಗೆ ಓದಿದಳು. ಐದನೇ ಪ್ಯಾರಾವನ್ನು ಎರಡು ಸಲ ಓದಿದಳು. ‘ಅರ್ಜಿದಾರಳು ಕಾಯಿಲೆ ಬಿದ್ದ ವೃದ್ಧ ಅತ್ತೆಗೆ ಒಂದು ಲೋಟ ನೀರು ಸಹ ಕೊಟ್ಟವಳಲ್ಲ. ಅತ್ತೆಯ ಸಾವಿಗೂ ತಿರುಗಿ ನೋಡಲಿಲ್ಲ.’ ಮುರಿದ ಕೈಗಿಂತ ಆ ಎರಡು ಸಾಲು ಹೆಚ್ಚು ನೋಯಿಸಿದವು. ಆಂಜಿನಮ್ಮನ ಸಾವಿಗೆ ತಾನು ಹೋಗಲಿಲ್ಲವೇ? ಊರವರು ನಂಬಿದರೆ?

ಮುಂದಿನ ವಾಯಿದೆಗೆ ಅವಳು ಟ್ರಂಕಿನಿಂದ ಅತ್ತೆಯ ವೈಕುಂಠ ಸಮಾರಾಧನೆಯ ಕಾರ್ಡನ್ನು ತೆಗೆದುಕೊಂಡು ಹೋದಳು. ಮಗ ಕೋದಂಡರಾಮಪ್ಪ, ಸೊಸೆ ಶ್ಯಾಮಲಮ್ಮ ಎಂದು ಕೆಳಗೆ ಅಚ್ಚಾಗಿತ್ತು. ಜೊತೆಗೆ ಆ ದಿನಗಳ ಒಂದು ಫೋಟೋ, ದೀಪದ ಮುಂದೆ ಅವಳು ಕೂತಿರುವುದು. ಎಕ್ಸ್‌ರೇ ಮೇಲೆ ಅವನ್ನಿಟ್ಟು, “ಇದನ್ನೂ ದಾಖಲು ಮಾಡ್ಕೊಳ್ಳಿ ಸ್ವಾಮಿ,” ಎಂದಳು. ಸಾಹೇಬರು ಒಂದು ಕ್ಷಣ ಅವಳ ಮುಖ ನೋಡಿದರು. “ಇದು ಬೇಕೇ ಬೇಕೇನಮ್ಮಾ?” ಎಂದರು. ಬೇಕು ಎಂದಳು.

ಪಾಟೀಸವಾಲಿನ ದಿನ ಗಂಡನ ವಕೀಲರು ಎಕ್ಸ್‌ರೇ ಕಡೆ ಕಣ್ಣೂ ಹಾಯಿಸಲಿಲ್ಲ. ಕಾರ್ಡನ್ನು ಮೃದುವಾಗಿ ಎತ್ತಿಕೊಂಡರು.

“ಹನ್ನೊಂದು ದಿನಾನೂ ಆ ಮನೇಲೇ ಇದ್ರಾ?”

“ಇದ್ದೆ. ಹೊಸ್ತಿಲು ದಾಟ್ಲಿಲ್ಲ.”

“ಅಡುಗೆ ಮಾಡಿದ್ರಾ? ಯಜಮಾನರಿಗೂ ಬಡಿಸಿದ್ರಾ?”

“ಎಲ್ರಿಗೂ ಬಡಿಸ್ದೆ.”

“ಜಗಳ?”

“ಒಂದು ಮಾತೂ ಇಲ್ಲ.”

“ಮನಸ್ಸಲ್ಲಿ ಮಾತ್ರ ಯಜಮಾನರ ಮೇಲೆ ಕೋಪ ಇತ್ತು, ಅಲ್ವಾ?”

ಇಲ್ಲಿ ಅವಳು ಹೌದು ಎಂದಿದ್ದರೆ ಬಚಾವಾಗುತ್ತಿದ್ದಳು. ಆದರೆ ಹೌದು ಎಂದರೆ ದೀಪ ಸುಳ್ಳಾಗುತ್ತಿತ್ತು. ಶ್ಯಾಮಲಮ್ಮ ತಲೆಯೆತ್ತಿ, “ಕೋಪ ಇಟ್ಕೊಂಡು ಯಾರಾದ್ರೂ ಆ ದೀಪಕ್ಕೆ ಎಣ್ಣೆ ಹಾಕ್ತಾರಾ ಸ್ವಾಮಿ?” ಎಂದಳು. ಪಕ್ಕದಲ್ಲಿ ಟೈಪು ಯಂತ್ರ ಟಕಟಕ ಎಂದಿತು. ಜಡ್ಜ್ ಸಾಹೇಬರು ಹೇಳಿ ಬರೆಸಿದರು: ‘ಆ ದಿನಗಳಲ್ಲಿ ನನಗೆ ನನ್ನ ಗಂಡನ ಮೇಲೆ ಕೋಪವಿರಲಿಲ್ಲ ಎಂದರೆ ಸರಿ.’ ಓದಿ ಹೇಳಿದರು. ಸರಿಯಾಗಿಯೇ ಇದೆ ಎನ್ನಿಸಿ ಅವಳು ರುಜು ಹಾಕಿದಳು. ಅವತ್ತು ಬಸ್ಸಿನಲ್ಲಿ ಎಷ್ಟೋ ದಿನದ ಮೇಲೆ ಅವಳಿಗೆ ಹಗುರವಾಗಿತ್ತು. ಅತ್ತೆಯ ಹೆಸರಿನಲ್ಲಿ ತನಗೆ ಅಂಟಿದ್ದ ಕೊಳೆ ತೊಳೆದೆ ಎಂದುಕೊಂಡಳು, ಪಾಪ.

ತೀರ್ಪು ಬಂದದ್ದು ಎರಡು ಸಾವಿರದ ನಾಲ್ಕರಲ್ಲಿ. ಹೊಡೆದಿದ್ದರೂ ಹೆಂಡತಿ ಆಮೇಲೆ ಮನೆಗೆ ಮರಳಿ, ಕೋಪವಿಲ್ಲದೆ ಹನ್ನೊಂದು ದಿನ ಸೊಸೆಯಾಗಿ ಬಾಳಿದ್ದಾಳೆ. ಅಲ್ಲಿಗೆ ಹಿಂದಿನದನ್ನೆಲ್ಲ ಕ್ಷಮಿಸಿದಂತಾಯಿತು. ಅನಂತರ ಹಿಂಸೆ ನಡೆದದ್ದಕ್ಕೆ ಸಾಕ್ಷಿ ಇಲ್ಲ. ಅರ್ಜಿ ವಜಾ. ಸಾಹೇಬರು ಪೆನ್ನು ಮುಚ್ಚಿ, “ಒಬ್ಬ ವಕೀಲರನ್ನ ಇಟ್ಕೋಬೇಕಿತ್ತಮ್ಮಾ. ಮೇಲಿನ ಕೋರ್ಟಿಗೆ ಹೋಗ್ಬಹುದು ನೀವು,” ಎಂದರು. ಅವರ ದನಿಯಲ್ಲಿ ಕನಿಕರವಿತ್ತು. ಕನಿಕರವನ್ನು ತೆಗೆದುಕೊಂಡು ಅವಳು ಏನು ಮಾಡಬೇಕು?

ವರಾಂಡದಲ್ಲಿ ಕೋದಂಡರಾಮಪ್ಪ ಕಂಬಕ್ಕೊರಗಿ ನಿಂತಿದ್ದ.

“ಆ ಐದನೇ ಪ್ಯಾರಾ ನಮ್ಮ ವಕೀಲ ಸಾಹೇಬ್ರು ಬರೆದಿದ್ದಲ್ಲ ಕಣೇ,” ಎಂದ ಮೆಲ್ಲಗೆ. “ನಾನೇ ಬರ್ದೆ. ನಮ್ಮಮ್ಮನ ವಿಷಯ ಎತ್ತಿದ್ರೆ ನೀನು ಕಾರ್ಡು ತಂದೇ ತರ್ತೀಯ ಅಂತ ಗೊತ್ತಿತ್ತು. ಅವಳ ಮೇಲೆ ನಿಂಗೆಷ್ಟು ಪ್ರಾಣ ಅಂತ ನಂಗೊತ್ತಿಲ್ವಾ?” ಅವನು ನಗಲಿಲ್ಲ, ಹೆಮ್ಮೆಯಿಂದಲೇ ಹೇಳಿದ. “ಭಾನುವಾರ ಬರ್ತೀನಿ. ಹುಳಿ ಮಾಡಿಡು.”

ಶ್ಯಾಮಲಮ್ಮನಿಗೆ ಅವನ ಮೇಲೆ ಹೇಸಿಗೆಯಾಯಿತು, ತನ್ನ ಮೇಲೂ ಸಿಟ್ಟು ಬಂತು. ಹೀಗಾಗುತ್ತದೆಂದು ಗೊತ್ತಿದ್ದಿದ್ದರೆ ಅತ್ತೆಯ ಸಾವಿಗೆ ಹೋಗುತ್ತಿರಲಿಲ್ಲವೇ ಎಂದು ತನ್ನನ್ನೇ ಕೇಳಿಕೊಂಡಳು. ಹೋಗುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಅದೇ ಅವಳಿಗೆ ಎಲ್ಲಕ್ಕಿಂತ ದೊಡ್ಡ ಸಂಕಟ.

ಮೇಲಿನ ಕೋರ್ಟಿಗೆ ಹೋಗಬೇಕಾದರೆ ಮೊದಲು ತೀರ್ಪಿನ ನಕಲು ಬೇಕು. ನಕಲು ವಿಭಾಗದ ಕಿಟಕಿಯಲ್ಲಿ ಅರ್ಜಿ ಕೊಂಡಳು. ಅರ್ಜಿದಾರರ ಹೆಸರು ಎಂಬಲ್ಲಿ ಶ್ಯಾಮಲಮ್ಮ ಎಂದಷ್ಟೇ ಬರೆದು ಒಳಗೆ ತಳ್ಳಿದಳು. ಮಾಲೂರಿನಿಂದ ಈಚೆಗೆ ವರ್ಗವಾಗಿ ಬಂದ ವಯಸ್ಸಾದ ಗುಮಾಸ್ತರು ಅದನ್ನು ವಾಪಸ್ ತಳ್ಳಿದರು. “ಗಂಡನ ಹೆಸರು ಬರೀರಮ್ಮಾ. ಬರೀದೆ ತಗೊಳೋ ಹಾಗಿಲ್ಲ.”

ಅವಳು ಅರ್ಜಿಯನ್ನು ಮತ್ತೆ ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ ಬರೆದಳು: ಶ್ಯಾಮಲಮ್ಮ ಕೋಂ ಕೋದಂಡರಾಮಪ್ಪ.

ಗುಮಾಸ್ತರು ಓದಿ ಮುಖ ಅರಳಿಸಿದರು. “ಅಯ್ಯೋ, ನಮ್ಮ ಕೋದಂಡನ ಮನೆಯವ್ರಾ? ಮೊದ್ಲೇ ಹೇಳ್ಬಾರ್ದೇನಮ್ಮಾ. ಬನ್ನಿ, ಒಳಗ್ ಬಂದು ಕೂತ್ಕೊಳ್ಳಿ,” ಎಂದು ಕುರ್ಚಿಯ ಧೂಳು ಕೊಡವಿದರು.

ಮೂರು ವರ್ಷ ನಿಂತೇ ವಾದಿಸಿದ ಆ ಕಟ್ಟಡದಲ್ಲಿ ಅವಳಿಗೆ ಸಿಕ್ಕ ಮೊದಲ ಕುರ್ಚಿ ಅದು. ಶ್ಯಾಮಲಮ್ಮ ಕೂರಲಿಲ್ಲ. ಕಿಟಕಿಯ ಸರಳು ಹಿಡಿದು, ನಿಂತೇ ರಸೀದಿಗೆ ಕಾದಳು.