ಪಂಚಾಕ್ಷರಿಯವರು ಉಳಿಸಿದ ಒಂದು ಪದ

“ಮಾನ್ಯ ಸದಸ್ಯರ ಗಮನಕ್ಕೆ. ಬರೆಯುವ ಮೊದಲು ಯೋಚಿಸಿ. ಬರೆದಾದ ಮೇಲೆ ಯೋಚಿಸಲು ಈ ಕಟ್ಟೆಯಲ್ಲಿ ಹತ್ತೇ ನಿಮಿಷದ ಅವಕಾಶವಿದೆ. ಆ ಹತ್ತು ನಿಮಿಷದೊಳಗೆ ನಿಮ್ಮ ಕಾಗುಣಿತ, ಒತ್ತಕ್ಷರ, ಮಹಾಪ್ರಾಣಗಳನ್ನೆಲ್ಲ ಸರಿಮಾಡಿಕೊಳ್ಳತಕ್ಕದ್ದು. ಹನ್ನೊಂದನೆಯ ನಿಮಿಷಕ್ಕೆ ಬರಹಕ್ಕೆ ಬೀಗ ಬೀಳುತ್ತದೆ. ಆಮೇಲೆ ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಅಳಿಸಿದರೆ ಕೆಳಗೆ ಬಂದ ಉತ್ತರಗಳು ತಂದೆತಾಯಿ ಇಲ್ಲದ ಮಕ್ಕಳ ಹಾಗೆ ನಿಂತುಬಿಡುತ್ತವೆ. ತಪ್ಪಾಗಿದ್ದಲ್ಲಿ ಅದರ ಕೆಳಗೆ ‘ತಿದ್ದುಪಡಿ’ ಎಂದು ಬೇರೆಯಾಗಿ ಬರೆಯತಕ್ಕದ್ದು. ಬೀಗದ ಕೈ ನನ್ನ ಹತ್ತಿರ ಇದೆಯೆಂದು ಯಾರೂ ಮನೆಗೆ ಬಂದು ಬಾಗಿಲು ತಟ್ಟಬಾರದು. ನಾನು ಯಾರಿಗೂ ತೆಗೆದುಕೊಡುವುದಿಲ್ಲ. ನನಗೂ ತೆಗೆದುಕೊಳ್ಳುವುದಿಲ್ಲ. ಕೊನೆಯದಾಗಿ, ಪದಗಳನ್ನು ದುಂದು ಮಾಡಬೇಡಿ. ಇಂತಿ, ಪಂಚಾಕ್ಷರಿ, ಮೇಲ್ವಿಚಾರಕರು.”

ಇದು ಬಸವೇಶ್ವರನಗರದ ನಾಲ್ಕು ಅಡ್ಡರಸ್ತೆಯವರು ಫೋನಿನಲ್ಲಿ ಮಾಡಿಕೊಂಡಿರುವ ‘ಬಡಾವಣೆ ಕಟ್ಟೆ’ಯ ಕಾನೂನು. ಆ ಕಟ್ಟೆಯಲ್ಲಿ ಜನ ಏನು ಮಾತಾಡುತ್ತಾರೆ ಅಂದರೆ, ಕಾವೇರಿ ನೀರು ಯಾವತ್ತು ಬಿಡ್ತಾರೆ, ಕಸದ ಗಾಡಿ ಯಾಕೆ ಬಂದಿಲ್ಲ, ನಮ್ಮ ಗೇಟಿನ ಮುಂದೆ ಬೈಕು ನಿಲ್ಲಿಸಿದೋರು ಯಾರು. ಇಷ್ಟಕ್ಕೇ ಇಷ್ಟು ದೊಡ್ಡ ಕಾನೂನು ಬೇಕಿತ್ತಾ ಅಂತ ಕೇಳಿದರೆ ಪಂಚಾಕ್ಷರಿಯವರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ನೋಡುತ್ತಿದ್ದರು. ಆ ನೋಟ ಕಂಡವರು ಇನ್ನೊಂದು ಸಲ ಕೇಳುತ್ತಿರಲಿಲ್ಲ.

ಅವರು ದಾವಣಗೆರೆ ಕಡೆಯವರು. ಇಪ್ಪತ್ತೆರಡನೇ ವಯಸ್ಸಿಗೆ ಬೆಂಗಳೂರಿಗೆ ಬಂದು ರಾಜಾಜಿನಗರದ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಪ್ರೆಸ್ಸಿನಲ್ಲಿ ಪ್ರೂಫ್ ನೋಡುವ ಕೆಲಸಕ್ಕೆ ಸೇರಿದರು. ಮೂವತ್ನಾಲ್ಕು ವರ್ಷ ಲಗ್ನಪತ್ರಿಕೆ, ಗೃಹಪ್ರವೇಶ, ಊದಿನಕಡ್ಡಿ ಪೊಟ್ಟಣ, ಶಿವಗಣಾರಾಧನೆ ಕಾರ್ಡು, ಎಲ್ಲದರ ಮೇಲೂ ಅವರ ಕೆಂಪು ಪೆನ್ನು ಓಡಿದೆ. ತಮ್ಮ ಕೈಯಿಂದ ದಾಟಿಹೋದ ಹಾಳೆಯಲ್ಲಿ ಒಂದೇ ಒಂದು ತಪ್ಪಿಲ್ಲ ಅಂತ ಅವರೇ ಹೇಳುತ್ತಿದ್ದರು. ಬೇರೆ ಯಾರೂ ಹೇಳಿದ್ದು ಕೇಳಿಲ್ಲ, ಆದರೆ ಅವರು ಎಷ್ಟು ಸಲ ಹೇಳಿದ್ದರೆಂದರೆ ಅದು ಊರೇ ಹೇಳಿದ ಹಾಗೆ ಆಗಿಬಿಟ್ಟಿತ್ತು. ನಿವೃತ್ತಿಯಾದ ಮೇಲೆ ತಿದ್ದುವುದಕ್ಕೆ ಏನೂ ಸಿಗದೆ ಹೆಂಡತಿಯ ಸಾಮಾನಿನ ಪಟ್ಟಿ ತಿದ್ದುತ್ತಿದ್ದರು. ‘ಉದ್ದಿನ ಬೆಳೆ’ ಅಲ್ಲ ಕಮಲಾ, ‘ಬೇಳೆ’. ಕಮಲಾಕ್ಷಮ್ಮ ಅದಕ್ಕೆ, “ಅಂಗಡಿಯೋನು ಬೆಳೆ ಅಂದ್ರೂ ಬೇಳೇನೇ ಕಟ್ಟಿಕೊಡ್ತಾನ್ರಿ, ಹೊಲ ಕಟ್ಟಿಕೊಡಲ್ಲ” ಅನ್ನುವರು. ಹೀಗಿರುವಾಗ ಕಟ್ಟೆಯ ಉಸ್ತುವಾರಿ ಸಿಕ್ಕಿತು. ಕಮಲಾಕ್ಷಮ್ಮನ ಪಟ್ಟಿಗಳು ಬದುಕಿಕೊಂಡವು.

ಆ ಕಾನೂನಿಗೆ ಮೊದಲು ಸಿಕ್ಕಿಕೊಂಡವಳು ಹಿಂದಿನ ಬೀದಿಯ ದಿವ್ಯ. ಹಳೇ ಹತ್ತಿ ಹಾಸಿಗೆ ಯಾರಿಗಾದರೂ ಕೊಟ್ಟುಬಿಡೋಣ ಅಂತ ಫೋನಿಗೆ ಬಾಯಲ್ಲೇ ಹೇಳಿದಳು. ಅವಳ ಬಾಯಲ್ಲಿ ‘ಹ’ ನಿಲ್ಲುವುದು ಅಷ್ಟಕ್ಕಷ್ಟೆ. ಫೋನು ಕೇಳಿಸಿಕೊಂಡಿದ್ದನ್ನು ಬರೆಯಿತು: “ಹಳೇ ಅತ್ತೆ ಹಾಸಿಗೇಲಿದೆ. ಬೇಕಾದವರು ಬಂದು ತಗೊಂಡು ಹೋಗಬಹುದು.” ದಿವ್ಯ ಪಲ್ಯದ ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಹನ್ನೆರಡು ನಿಮಿಷ ಆಗಿತ್ತು. ಅವಳ ಅತ್ತೆ ಅಕ್ಕಯ್ಯಮ್ಮ ಮಾರೇನಹಳ್ಳಿಯ ಹಳೇ ಗೌಡರ ಮನೆ ಹೆಣ್ಣುಮಗಳು. ಹಾಸಿಗೆಯಲ್ಲೂ ಇರಲಿಲ್ಲ, ಪಕ್ಕದ ಮನೆಯವರ ಫೋನಿನಲ್ಲಿ ಅದನ್ನೇ ಓದಿಸಿಕೊಳ್ಳುತ್ತಿದ್ದರು.

“ಅಂಕಲ್, ಒಂದೇ ಒಂದು ಅಕ್ಷರ ಅಂಕಲ್, ಪ್ಲೀಸ್. ನಮ್ಮತ್ತೆ ಮಾತು ಬಿಟ್ಟಿದಾರೆ” ಅಂತ ದಿವ್ಯ ಬಂದು ಬಾಗಿಲು ತಟ್ಟಿದಳು.

“ಬಾಗಿಲು ತಟ್ಟಬಾರದು ಅಂತ ಬರೆದಿದೆಯಲ್ಲಮ್ಮ” ಅಂದರು ಪಂಚಾಕ್ಷರಿ. “ಕೆಳಗೆ ತಿದ್ದುಪಡಿ ಅಂತ ಹಾಕು. ಒಬ್ಬರಿಗೆ ತೆಗೆದರೆ ಎಲ್ಲರಿಗೂ ತೆಗೀಬೇಕು.”

ತಿದ್ದುಪಡಿ ಹಾಕಿದಳು. ಯಾರು ಓದುತ್ತಾರೆ? ಮೇಲಿನ ಸಾಲು ಮೂರು ವಾರ ಹಾಗೇ ನಿಂತಿತ್ತು.

ಇಷ್ಟಾದ ಮೇಲೆ ಒಂದು ಬೆಳಿಗ್ಗೆ ಕಮಲಾಕ್ಷಮ್ಮ ದಾವಣಗೆರೆಗೆ ಹೊರಟರು. ತಂಗಿಯ ಮಗಳ ಸೀಮಂತ. ಕಮಲಾಕ್ಷಮ್ಮನ ಜೋಳದ ರೊಟ್ಟಿಗೆ ಆ ನಾಲ್ಕು ಬೀದಿಯಲ್ಲೂ ಗಿರಾಕಿಗಳು. ಆಕೆ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು, “ಏನ್ರೀ, ನಾನು ಊರಿಗೆ ಹೋಗಿಬರ್ತೀನಿ, ಎಂಟು ದಿನ ರೊಟ್ಟಿ ಇರಲ್ಲ ಅಂತ ನಿಮ್ಮ ಕಟ್ಟೇಲಿ ಒಂದು ಮಾತು ಹಾಕ್ರಿ. ಹೋಗಿಬರ್ತಾರೆ ಅಂತ್ಲೇ ಹಾಕ್ರಿ ಮತ್ತೆ” ಅಂದರು.

ಪಂಚಾಕ್ಷರಿಯವರು ಪೇಪರು ಓದಿ ಮುಗಿಸಿ, ಎರಡು ಗಂಟೆ ಬಿಟ್ಟು ಕೂತು ಬರೆದರು. ಬರೆದದ್ದನ್ನು ನೋಡಿದರು. ಹೋದರು ಅಂದ ಮೇಲೆ ಊರಿಗೆ ಅಂತ ಯಾಕೆ, ಹೋದರು ಅಂದರೆ ಊರಿಗೇ ತಾನೆ. ಹೋದವರು ಬರದೆ ಎಲ್ಲಿಗೆ ಹೋಗುತ್ತಾರೆ, ‘ಬರುತ್ತಾರೆ’ ದಂಡ. ದುಂದು ಪದಗಳನ್ನೆಲ್ಲ ಕತ್ತರಿಸಿ, ಒತ್ತಕ್ಷರ ನೋಡಿ, ಹಾಕಿದರು: “ಶ್ರೀಮತಿ ಕಮಲಾಕ್ಷಮ್ಮನವರು ಇಂದು ಬೆಳಗಿನ ಜಾವ ಹೋದರು. ಇನ್ನು ರೊಟ್ಟಿ ಇಲ್ಲ. ಸದಸ್ಯರು ಸಹಕರಿಸಬೇಕು.” ಒಂದು ಕಾಗುಣಿತದ ತಪ್ಪಿಲ್ಲ. ಸಮಾಧಾನದಿಂದ ಸ್ನಾನಕ್ಕೆ ಹೋದರು. ಸ್ನಾನ, ವಿಭೂತಿ, ಲಿಂಗಪೂಜೆ, ಮುಕ್ಕಾಲು ಗಂಟೆ.

ಬಂದು ನೋಡಿದರೆ ಕಟ್ಟೆ ತುಂಬ ‘ಓಂ ಶಾಂತಿ’, ಮೂವತ್ತೊಂದು. ಕೈಮುಗಿದ ಚಿತ್ರಗಳು ಬೇರೆ. ಎದುರುಮನೆಯ ಮೋಹನ್ ಕುಮಾರ್, “ಇಂಥ ದುಃಖದಲ್ಲೂ ಸಾರ್ ಎಷ್ಟು ಚಿಕ್ಕದಾಗಿ ಬರೆದಿದ್ದಾರೆ ನೋಡಿ, ನಾವು ಕಲಿಯಬೇಕು” ಅಂತ ಬರೆದಿದ್ದರು.

ಪಂಚಾಕ್ಷರಿಯವರು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದಿದರು. ಆದರೆ ಕಾನೂನು ಕಾನೂನು. ಕೆಳಗೆ ಹೋಗಿ ಬರೆದರು: “ತಿದ್ದುಪಡಿ: ಮೇಲೆ ‘ಹೋದರು’ ಎಂಬುದನ್ನು ‘ಪ್ರಯಾಣ ಬೆಳೆಸಿದರು’ ಎಂದು ಓದಿಕೊಳ್ಳಬೇಕು.”

ಓದಿಕೊಂಡರು. “ಅಮ್ಮನವರ ಕೊನೆಯ ಪ್ರಯಾಣ ಸುಖಕರವಾಗಿರಲಿ” ಅಂತ ಆರು ಜನ ಬರೆದರು.

“ಎರಡನೇ ತಿದ್ದುಪಡಿ: ಅವರು ದಾವಣಗೆರೆಗೆ ಹೋಗಿದ್ದಾರೆ.”

“ಮಣ್ಣು ಅಲ್ಲೇನಾ ಸಾರ್? ಎಷ್ಟು ಗಂಟೆಗೆ? ಕಾರ್ ಮಾಡ್ಕೊಂಡು ಹೊರಟ್ರೆ ಸಿಗುತ್ತಾ?” ಅಂತ ಮೋಹನ್ ಕುಮಾರ್.

ಅಷ್ಟರಲ್ಲಿ ಸತ್ತವರೇ ಫೋನು ಮಾಡಿದರು. ರೈಲು ಅರಸೀಕೆರೆಯಲ್ಲಿ ನಿಂತಿತ್ತು, ಹಿಂದೆ ಇಡ್ಲಿವಡೆ ಮಾರುವವರ ಕೂಗು.

“ಏನ್ರೀ, ನಾನು ಯಾವಾಗ ಸತ್ತೆ?”

“ಕಮಲಾ, ಅದು...”

“ನನಗೆ ಫೋನ್ ಮಾಡಿ ಅಳ್ತಾರ್ರಿ. ನಾನು ಹಲೋ ಅಂದ್ರೆ ಇಟ್ಟುಬಿಡ್ತಾರೆ. ತೆಗೀರಿ ಅದನ್ನ.”

“ಬೀಗ ಬಿದ್ದಿದೆ. ಕೆಳಗೆ ಎರಡು ತಿದ್ದುಪಡಿ ಹಾಕಿದೀನಿ.”

ಕಮಲಾಕ್ಷಮ್ಮ ಮೆಲ್ಲಗೆ ಅಂದರು: “ಬೀಗದ ಕೈ ನಿಮ್ಮ ಹತ್ರಾನೇ ಐತಲ್ಲ. ಹೋಗಿಬರ್ತೀನಿ ಅಂದೆ, ಬರೋದನ್ನ ನೀವೇ ಹೊಡೆದುಹಾಕಿದ್ರಿ. ಅದು ಮೇಲೆ ಇರೋತನಕ ನಾನು ಬರಲ್ಲ. ಸತ್ತೋಳು ವಾಪಸ್ ಬಂದು ರೊಟ್ಟಿ ಬಡಿದ್ರೆ ಜನ ಹೆದರ್ಕೊಳ್ತಾರೆ.” ಫೋನು ಇಟ್ಟರು.

ಕಮಲಾಕ್ಷಮ್ಮ ಜೋರಾಗಿ ಕೂಗಾಡಿದರೆ ಅದು ತಮಾಷೆಗೆ, ಮೆಲ್ಲಗೆ ಹೇಳಿದರೆ ನಿಜಕ್ಕೆ. ನಲವತ್ತು ವರ್ಷದ ಸಂಸಾರದಲ್ಲಿ ಪಂಚಾಕ್ಷರಿಯವರು ಕಲಿತದ್ದು ಇದೊಂದನ್ನೇ. ಬೆರಳು ಹೋಗಿ ಬೀಗದ ಗುರುತಿನ ಮೇಲೆ ನಿಂತಿತು. ತೆಗೆದರೆ ಇಡೀ ಬಡಾವಣೆಗೆ ಕಾಣುತ್ತದೆ: ತಿದ್ದಿದವರು ಯಾರು, ಎಷ್ಟು ಹೊತ್ತಿಗೆ, ಏನು ಕಾರಣ. ಹಾಗೆ ಕಾಣಬೇಕು ಅಂತ ಹಟ ಮಾಡಿ ಮಾಡಿಸಿದವರೂ ಅವರೇ. ಬೆರಳು ವಾಪಸ್ ಬಂತು.

ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದು. ಅಕ್ಕಯ್ಯಮ್ಮ ಬಂದಿದ್ದರು, ಕೈಯಲ್ಲಿ ಮುಚ್ಚಿದ ಪಾತ್ರೆ, ಹಿಂದೆ ಸಾರಿನ ಡಬ್ಬಿ ಹಿಡಿದ ದಿವ್ಯ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಕ್ಕಪಕ್ಕದವರೇ ಊಟ ತರುವುದು.

“ಸೊಪ್ಪಿನ ಸಾರು, ಮುದ್ದೆ. ನಿಮ್ಮೋರು ತಿನ್ನೋ ಅಂಗೇ ಮಾಡಿವ್ನಿ. ಉಣ್ಣಿ ಸ್ವಾಮಿ, ಹೊಟ್ಟೆಗಿಲ್ದೆ ದುಃಖ ಪಡಬಾರ್ದು.”

“ಅಕ್ಕಯ್ಯಮ್ಮ, ನಮ್ಮನೆಯವರು ಚೆನ್ನಾಗಿದಾರೆ. ಈಗ ತಾನೆ ಫೋನ್ ಮಾಡಿದ್ರು.”

“ಇರ್ಬೋದು. ಆದ್ರೆ ಅಲ್ಲಿ ಬರ್ದೈತಲ್ಲ?” ಅಕ್ಕಯ್ಯಮ್ಮ ಪಾತ್ರೆಯನ್ನು ಮೇಜಿನ ಮೇಲಿಟ್ಟರು. “ಬರ್ದಿದ್ದನ್ನ ತಿದ್ದಂಗಿಲ್ವಂತೆ. ನಾನೂ ಮೂರು ವಾರದಿಂದ ಹಾಸಿಗೇಲಿ ಬಿದ್ದಿವ್ನಿ, ಬೇಕಾದೋರು ಹೊತ್ಕೊಂಡ್ ಹೋಗ್ಬೋದು. ಇನ್ನೂ ಒಬ್ಬರೂ ಬಂದಿಲ್ಲ. ನಿಮ್ಮೆಂಡ್ರೇ ಪುಣ್ಯವಂತರು, ಒಂದೇ ಬೆಳಿಗ್ಗೆಗೆ ಎಲ್ಲಾ ಮುಗ್ದೋಯ್ತು.”

ದಿವ್ಯ ಸೆರಗಿಲ್ಲದ ಕಾರಣ ದುಪಟ್ಟ ಬಾಯಿಗೆ ಒತ್ತಿಕೊಂಡು ಕಿಟಕಿಯ ಕಡೆ ತಿರುಗಿದಳು. ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ಎಲ್ಲಿಗಾದರೂ ಬಂದದ್ದು ಮೂರು ವಾರದಲ್ಲಿ ಇದೇ ಮೊದಲು.

ಅವರು ಹೋದ ಮೇಲೆ ಪಂಚಾಕ್ಷರಿಯವರು ಪಾತ್ರೆಯ ಮುಚ್ಚಳ ತೆಗೆದರು. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಹೆಂಡತಿ ಬದುಕಿರುವಾಗಲೇ ಸಾವಿನ ಮನೆ ಊಟ ಉಂಡರು, ಎರಡು ಮುದ್ದೆ. ಸಾರು ಚೆನ್ನಾಗಿತ್ತು. ಕೈ ತೊಳೆದು ಬಂದು, ಬಾಗಿಲ ಚಿಲಕ ಹಾಕಿಕೊಂಡು ಕಟ್ಟೆಯ ಬೀಗ ತೆಗೆದರು.

ಮೊದಲು ಹೋದದ್ದು ಮೂರು ವಾರ ಹಿಂದಕ್ಕೆ. ‘ಅತ್ತೆ ಹಾಸಿಗೇಲಿದೆ’ ಅನ್ನುವುದನ್ನು ‘ಹತ್ತಿ ಹಾಸಿಗೆ ಇದೆ’ ಅಂತ ಮಾಡಿದರು. ಕಾರಣ ಅಂತ ಕೇಳಿದ ಕಡೆ ‘ಅಕ್ಷರದೋಷ’ ಅಂತ ಹಾಕಿದರು. ಆಮೇಲೆ ತಮ್ಮದು. “ಕಮಲಾಕ್ಷಮ್ಮನವರು ತಂಗಿಯ ಮನೆಗೆ ಊರಿಗೆ ಹೋಗಿದ್ದಾರೆ. ಎಂಟು ದಿನ ರೊಟ್ಟಿ ಇಲ್ಲ. ಹೋಗಿ ಬರುತ್ತಾರೆ.” ಕಾರಣದ ಜಾಗದಲ್ಲಿ ಮತ್ತೆ ‘ಅಕ್ಷರದೋಷ’ ಅಂತ ಬರೆಯಲು ಹೊರಟರು. ಆದರೆ ಅಕ್ಷರಗಳು ಪಾಪ ಏನೂ ಮಾಡಿರಲಿಲ್ಲ, ಒಂದೊಂದೂ ಸರಿಯಾಗಿದ್ದವು. ಅಳಿಸಿ, ‘ನನ್ನ ದೋಷ’ ಅಂತ ಬರೆದರು. ‘ಬರುತ್ತಾರೆ’ ಅನ್ನುವ ಪದದ ಹತ್ತಿರ ಮಾತ್ರ ತಡೆದರು. ಖಾತ್ರಿಯಿಲ್ಲದ್ದನ್ನು ಅವರು ಯಾವತ್ತೂ ಅಚ್ಚಿಗೆ ಬಿಟ್ಟವರಲ್ಲ. ಇದೊಂದನ್ನು ಉಳಿಸಿದರು.

ಕಟ್ಟೆಯಲ್ಲಿ ಸಂಭ್ರಮವೋ ಸಂಭ್ರಮ. ಪಾರ್ಕಿಂಗ್ ಜಗಳದವರು, ಬಾಡಿಗೆ ಮನೆಯವರು, ಹನ್ನೊಂದು ಜನ ತಮ್ಮ ತಮ್ಮ ತಪ್ಪು ಹೊತ್ತುಕೊಂಡು ಬಂದರು. ಮೋಹನ್ ಕುಮಾರ್, “ಸಾರ್, ನಿಯಮ ಹೋಯ್ತಾ?” ಅಂತ ಕೇಳಿದರು. ದಿವ್ಯ ಅದರ ಕೆಳಗೆ ಕೈಮುಗಿದ ಚಿತ್ರ ಹಾಕಿ, “ಓಂ ಶಾಂತಿ” ಅಂದಳು.

ಕಮಲಾಕ್ಷಮ್ಮನಿಂದ ಏನೂ ಇಲ್ಲ. ನಾಲ್ಕು ಗಂಟೆ ಆಯಿತು, ಐದೂ ಆಯಿತು. ಪಂಚಾಕ್ಷರಿಯವರು ಫೋನನ್ನು ಮೇಜಿನ ಮೇಲೆ ಮಲಗಿಸಿದರು, ಎತ್ತಿದರು, ಮಲಗಿಸಿದರು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಟಿಣ್ ಅಂತು.

“ಬಿಳಿಜೋಳ ಕೆಳಗಿನ ಡಬ್ಬಿಲಿ ಇದೆ. ಕಲ್ಲು ಆರಿಸಿ ಬೀಸಿಸಿ ಇಡ್ರಿ. ಬಂದ ಮಾರನೆ ದಿನಾನೆ ರೊಟ್ಟಿ ಬೆಕು ಅಂತ ಐದು ಮನೆಯವರು ಕೇಳ್ಯಾರ.”

‘ಬೇಕು’ ಆಗಬೇಕಿತ್ತು. ಪಂಚಾಕ್ಷರಿಯವರು ‘ಆಗಲಿ’ ಅಂತಷ್ಟೇ ಉತ್ತರ ಕೊಟ್ಟರು. ಗೋಡೆಗೆ ಒರಗಿಸಿದ್ದ ಮೊರ ತಂದು, ಡಬ್ಬಿಯಿಂದ ಜೋಳ ಸುರಿದುಕೊಂಡು, ಕನ್ನಡಕ ಮೂಗಿನ ತುದಿಗೆ ಇಳಿಸಿ, ನಡುಮನೆಯ ದೀಪದ ಕೆಳಗೆ ಕಲ್ಲು ಆರಿಸುತ್ತ ಕೂತರು.