ಸಾಲಿನ ಕೊನೆಗೆ ಅಂಟಿದ ಅಕ್ಷರ

ಹಾಸನದ ಹೊರವಲಯದ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಶೋಭಿತಾ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಅರಕಲಗೂಡಿನಿಂದ ಬಸ್ಸಿನಲ್ಲಿ ಬಂದುಹೋಗುವ ಕೆಲಸ. ಓದಿದ್ದು ಕಾಮರ್ಸ್, ಕಂಪ್ಯೂಟರ್ ವಿದ್ಯೆ ಇಲ್ಲಿ ಎಡವಿ ಎಡವಿ ಕಲಿತದ್ದು. ಬಿತ್ತನೆ ಆಲೂಗಡ್ಡೆ ತುಂಬಿದ ಕೋಣೆಯ ಫ್ಯಾನುಗಳನ್ನು ಕಂಪ್ಯೂಟರಿನಲ್ಲಿದ್ದ ಒಂದು ಸಣ್ಣ ಸ್ಕ್ರಿಪ್ಟ್, ಅಂದರೆ ಸಾಲುಸಾಲಾಗಿ ಬರೆದ ಆದೇಶಗಳ ಫೈಲು, ನಡೆಸುತ್ತಿತ್ತು. ಅದನ್ನು ಬರೆದ ಇಂಜಿನಿಯರ್ ಕೆಲಸ ಬಿಟ್ಟ ಮೇಲೆ ಅದರ ಹೊಣೆ ಇವಳ ತಲೆಗೆ ಬಿತ್ತು.

ಆ ಬೆಳಿಗ್ಗೆ ಅವಳು ಬಂದಾಗ ಫ್ಯಾನುಗಳು ನಿಂತಿದ್ದವು. ರಾತ್ರಿ ಕರೆಂಟು ಹೋಗಿ ಬಂದಿತ್ತು, ಸ್ಕ್ರಿಪ್ಟ್ ಮತ್ತೆ ಶುರುವಾಗಿರಲಿಲ್ಲ. ಮಾಲೀಕ ದೇವರಾಜ್ ಮೆಕ್ಯಾನಿಕ್ ದ್ಯಾವಯ್ಯನ ಮೇಲೆ ಎಗರಾಡುತ್ತಿದ್ದ.

“ನಿನ್ನೆ ವೈರ್ ಮುಟ್ಟಿದೋನು ನೀನೇ ಕಣಯ್ಯ. ಏನ್ ಮಾಡ್ಬುಟ್ಟೆ?”

“ವೈರು ನೆಟ್ಟಗೈತೆ ಸಾ. ಕಂಪ್ಯೂಟ್ರಿಂದಾನೇ ಏನೂ ಬತ್ತಿಲ್ಲ.”

“ತಪ್ಪು ಮಾಡ್ಬುಟ್ಟು ಕಂಪ್ಯೂಟ್ರ ಮೇಲೆ ಆಕ್ತೀಯಾ? ನಾಳೆಯಿಂದ ಬರ್ಬ್ಯಾಡ, ಓಗು.”

ಶೋಭಿತಾ ಕಪ್ಪು ಪರದೆಯಲ್ಲಿ ಸ್ಕ್ರಿಪ್ಟಿನ ಹೆಸರು ಟೈಪ್ ಮಾಡಿದಳು. ಅಂಥ ಕಮಾಂಡೇ ಇಲ್ಲ ಎಂದಿತು. ಫೈಲೇನೋ ಕಣ್ಣೆದುರೇ ಇತ್ತು. ಇದೇ ಫೋಲ್ಡರಿನಲ್ಲಿ ನೋಡು ಎನ್ನಲು ಹೆಸರಿನ ಮುಂಚೆ ಚುಕ್ಕಿ, ಓರೆಗೆರೆ ಹಾಕಬೇಕೆಂದು ನೆನಪಾಯಿತು. ಹಾಕಿದರೆ, ನಡೆಸಲು ಅನುಮತಿ ಇಲ್ಲ ಎಂದಿತು. ಅನುಮತಿ ಕೊಟ್ಟಳು. ಈಗ ಮೊದಲ ಸಾಲಿನಲ್ಲೇ ದೋಷ: ಪರದೆ ತೋರಿಸಿದ ಆ ಸಾಲಿನ ಕೊನೆಗೆ ಯಾರೂ ಬರೆಯದ ಒಂದು ‘ಎಂ’ ಅಂಟಿಕೊಂಡಿತ್ತು.

ಹಿಂದಿನ ದಿನ ಉಷ್ಣತೆಯ ಅಂಕಿ ತಿದ್ದಲು ಫೈಲನ್ನು ಪೆನ್‌ಡ್ರೈವಿನಲ್ಲಿ ಆಫೀಸಿನ ವಿಂಡೋಸ್ ಲ್ಯಾಪ್‌ಟಾಪಿಗೆ ಒಯ್ದವಳು ಅವಳೇ. ಅಲ್ಲಿ ಸೇವ್ ಮಾಡಿದಾಗ ವಿಂಡೋಸ್ ತನ್ನ ರೂಢಿಯಂತೆ ಪ್ರತಿ ಸಾಲಿನ ಕೊನೆಗೂ, ಫೈಲು ತೆರೆದರೆ ಕಣ್ಣಿಗೆ ಕಾಣದ ಆ ಅಕ್ಷರ ಸೇರಿಸಿತ್ತು. ಅನುಮತಿ ಕಳಚಿದ್ದೂ ಆ ಓಡಾಟದಲ್ಲೇ. ಕರೆಂಟು ಹೋಗುವವರೆಗೆ ಮೊದಲು ಶುರುವಾಗಿದ್ದ ಸ್ಕ್ರಿಪ್ಟೇ ಓಡುತ್ತಿದ್ದುದರಿಂದ ಗೊತ್ತಾಗಿರಲಿಲ್ಲ.

ಅಕ್ಷರಗಳನ್ನು ಅಳಿಸಿ ಮತ್ತೆ ನಡೆಸಿದಳು. ಗೋಡೆಯಾಚೆ ಫ್ಯಾನುಗಳು ಗುಂಯ್ ಎಂದವು.

“ಭೇಷ್ ಕಣಮ್ಮ!” ಎಂದ ದೇವರಾಜ್.

ಸುಮ್ಮನಿದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

“ಸಾರ್, ದ್ಯಾವಣ್ಣಂದು ತಪ್ಪಿಲ್ಲ. ಫೈಲ್ ಕೆಡಿಸಿದ್ದು ನಾನು.”

ದೇವರಾಜನ ಮುಖ ಬಿಗಿಯಿತು. ಇನ್ನು ಮೇಲೆ ತನ್ನನ್ನು ಕೇಳದೆ ಫೈಲು ಮುಟ್ಟಕೂಡದೆಂದು ಗದರಿ ಹೊರಟುಹೋದ. ದ್ಯಾವಯ್ಯನ ಕಡೆ ತಿರುಗಿಯೂ ನೋಡಲಿಲ್ಲ.

ಗಾಳಿಯಿಲ್ಲದೆ ಮೇಲಿನ ಸಾಲಿನ ಆಲೂಗಡ್ಡೆ ಮೂಟೆಗಳು ಬೆವತಿದ್ದವು. ಶೋಭಿತಾ, ದ್ಯಾವಯ್ಯ ಇಬ್ಬರೂ ಅವನ್ನು ಬಿಚ್ಚಿ ಹರಡಿದರು.

“ನನ್ನಿಂದ ನಿಮಗೆ ಮಾತು ಬಂತು, ಅಣ್ಣ.”

“ನಿಜ ಏಳಿದ್ಯಲ್ಲ, ಬುಡವ್ವ,” ಎಂದ ಅವನು, ತಲೆ ಎತ್ತದೆ.

ಮರುದಿನ ದ್ಯಾವಯ್ಯ ಬರಲಿಲ್ಲ. ಶೋಭಿತಾ ನೇರವಾಗಿ ದೇವರಾಜನ ಮುಂದೆ ನಿಂತು, “ನೀವೇ ಫೋನ್ ಮಾಡಿ ಕರೀಬೇಕು ಸಾರ್,” ಎಂದಳು. ಅವನು ಗೊಣಗುತ್ತಲೇ ಕರೆ ಮಾಡಿದ. ದ್ಯಾವಯ್ಯ ಕೆಲಸಕ್ಕೇನೋ ಮರಳಿದ. ಆದರೆ ಅಂದಿನಿಂದ ಅವನು ಯಾವ ವೈರು ಮುಟ್ಟುವುದಿದ್ದರೂ ಮೊದಲು ಅವಳನ್ನು ಕರೆದು ಸಾಕ್ಷಿಗೆಂದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತಿದ್ದ.